ಸಿದ್ದಿಯರ ಕೌದಿ

2022ರ ಮೇ ತಿಂಗಳಿನಲ್ಲಿ 356 ಕಿಲೋಗ್ರಾಂ ತೂಕದ ಒಂದು ಖಂಡಿ ಹತ್ತಿಯ ಬೆಲೆಯು 1 ಲಕ್ಷ ರೂಪಾಯಿಗಳನ್ನು ಮೀರಿತು. ನೂಲು ತುಟ್ಟಿಯಾಯಿತು, ಅದರೊಡನೆ ಬಟ್ಟೆಯೂ ತುಟ್ಟಿಯಾಯಿತು. ಹೊಸ ಬಟ್ಟೆಯನ್ನು ಕೊಂಡು ಹೊದಿಕೆಗಳನ್ನು ಹೊಲಿಯುವವರಿಗೆ ಇಂತಹ ಬೆಲೆಯೇರಿಕೆ ದೊಡ್ಡ ಪೆಟ್ಟು. ಆದರೆ ಅಂಗಡಿಯ ಬಟ್ಟೆಯನ್ನು ನಂಬದೆ ಕೌದಿ ಹೊಲಿಯುವ ಪದ್ಧತಿಯೂ ಕರ್ನಾಟಕದಲ್ಲಿ ಉಂಟು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರು ವಾಸಿಸುತ್ತಾರೆ. ಇವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಮನೆಯಲ್ಲಿ ಉಟ್ಟು ಹಳತಾದ ಸೀರೆ, ಅಂಗಿ, ಲಂಗಗಳೇ ಸಿದ್ದಿ ಹೆಂಗಸರ ಬಂಡವಾಳ. ಅವರು ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ, ಅದರ ಮೂಲೆಯಿಂದ ಹೊಲಿಗೆಯನ್ನು ಆರಂಭಿಸುತ್ತಾರೆ. ತುಂಡಿನ ಪಕ್ಕಕ್ಕೆ ತುಂಡನ್ನಿರಿಸಿ, ಅಂಚನ್ನು ಸುತ್ತಿ ಸುತ್ತಿ ನಡುವಿನವರೆಗೆ ಹೊಲಿಯುತ್ತ ಬರುತ್ತಾರೆ. ಅಂಗೈಯಗಲದ ಚಿಂದಿಗೂ ಅಲ್ಲಿ ಎಡೆಯುಂಟು. ಕೊಳ್ಳಬೇಕಾದುದು ಹೆಚ್ಚಾಗಿ ಸೂಜಿ ದಾರಗಳನ್ನು ಮಾತ್ರ.

ಇಷ್ಟರಿಂದ ಕೌದಿಯು ಅಗ್ಗದ ವಸ್ತುವೆಂದು ಭಾವಿಸಲಾಗದು. ಬಟ್ಟೆಯ ಹಣ ಉಳಿಯುತ್ತದೆ, ನಿಜ, ಕೈದುಡಿಮೆ ಉಳಿಯುವುದಿಲ್ಲ. ಚಿಂದಿಯ ಬೆಲೆಯನ್ನಷ್ಟೇ ಎಣಿಸಿ ಚೌಕಾಸಿ ಮಾಡುವವನು ಸಾಲು ಸಾಲಾಗಿ ಇಟ್ಟ ಆ ಹೊಲಿಗೆಗಳನ್ನು ನೋಡಿಯೇ ಇಲ್ಲವೆನ್ನಬೇಕು. ಕೌದಿಯ ಮೂಲೆಗಳಿಗೆ ‘ಫುಲ’ ಎಂಬ ಮಡಿಸಿದ ಬಣ್ಣದ ಚೂರುಗಳನ್ನು ಹೂವಿನಂತೆ ಹೊಲಿಯುತ್ತಾರೆ. ಅವಿಲ್ಲದ ಕೌದಿ ಬೆತ್ತಲೆಯೆಂದು ಸಿದ್ದಿಯರ ಭಾವನೆ.