ಬಾಗಿಲಲ್ಲಿ ಹಾರ ಹಿಡಿದು ನಿಂತವರು ಯಾರೂ ಇರಲಿಲ್ಲ

ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಊರಿಗೆ 1940ರ ದಶಕದಲ್ಲಿ ನಕ್ಷೆ ಹಾಕಿಕೊಟ್ಟವರು ಬರ್ಲಿನ್ನಿನಿಂದ ಬಂದ ಯಹೂದಿ, ಆಟೊ ಕ್ಯೋನಿಗ್ಸ್‌ಬರ್ಗರ್. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದದ್ದೇ ಅವರ ಸರ್ಕಾರಿ ಕೆಲಸ ಹೋಯಿತು. ಈಜಿಪ್ಟಿಗೆ ಹೋದರು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ವಾಸ್ತುಶಿಲ್ಪಿಯಾಗಿ ಬಂದರು. ಅದೇ ಊರಿನ ಜನ್ನಾಪುರದ ಮಕ್ಕಳಿಗೆ ನಾಜಿ ಶಿಬಿರಗಳ ವಿಷಯ ಹೇಳುವಾಗ ನಾನು ಶುರುಮಾಡುವುದು ಇಲ್ಲಿಂದಲೇ.

ಕ್ಯೋನಿಗ್ಸ್‌ಬರ್ಗರ್ ತಪ್ಪಿಸಿಕೊಂಡವರು. ಸಿಕ್ಕಿಬಿದ್ದು ಬದುಕಿ ಬಂದವರು ಬರೆದ ಪುಸ್ತಕಗಳೇ ಬೇರೆ. ಅವನ್ನು ಮೊದಲ ಸಲ ಓದುವವರು ಬಿಡುಗಡೆಯ ಪುಟ ಬಂದಾಗ ಗಲಿಬಿಲಿಗೊಳ್ಳುತ್ತಾರೆ. ನಮಗೆ ಬಿಡುಗಡೆ ಅಂದರೆ ಜೈಲಿನ ಬಾಗಿಲು, ಹೊರಗೆ ಹಾರ ಹಿಡಿದು ನಿಂತ ಮನೆಮಂದಿ. ಆದರೆ 1945ರ ಜನವರಿ 27ರಂದು ಸೋವಿಯತ್ ಸೈನಿಕರು ಆಶ್ವಿಟ್ಜ್ ಶಿಬಿರ ತಲುಪಿದಾಗ ಅಲ್ಲಿ ಉಳಿದಿದ್ದವರು ಸುಮಾರು 7,000 ಮಂದಿ, ಹೆಚ್ಚಿನವರು ರೋಗಿಗಳು. ನಡೆಯಬಲ್ಲ 60,000ದಷ್ಟು ಜನರನ್ನು ನಾಜಿಗಳು ಅದಕ್ಕೂ ಮೊದಲೇ ಹಿಮದಲ್ಲಿ ಹೊರಡಿಸಿದ್ದರು.

ಶಿಬಿರದ ಆಸ್ಪತ್ರೆಯ ಕೊಠಡಿಗಳಲ್ಲಿ ಇಬ್ಬರು ಲೇಖಕರಿದ್ದರು, ಒಂದೇ ಉಪಶಿಬಿರದಲ್ಲಿ. ಇಟಲಿಯ ಪ್ರೀಮೊ ಲೆವಿಗೆ ಜ್ವರ. ಏಳಲಾಗದೆ ಅಲ್ಲೇ ಉಳಿದರು. ಹದಿಹರೆಯದ ಎಲೀ ವೀಸೆಲ್‌ಗೆ ಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಉಳಿದರೆ ಕೊಂದಾರೆಂದು ಹೆದರಿ ತಂದೆಯೊಡನೆ ನಡೆದುಬಿಟ್ಟರು. ಉಳಿದವರು ಬಿಡುಗಡೆಯಾದರು, ವೀಸೆಲ್‌ರ ತಂದೆ ಇನ್ನೊಂದು ಶಿಬಿರವಾದ ಬೂಖನ್‌ವಾಲ್ಡ್‌ನಲ್ಲಿ ತೀರಿಕೊಂಡರು. ಇಲ್ಲಿ ಜಾಣತನಕ್ಕಾಗಲಿ ಧೈರ್ಯಕ್ಕಾಗಲಿ ಲೆಕ್ಕವಿರಲಿಲ್ಲ. ಪಾಠ ಮಾಡುವಾಗ ನಾನು ಈ ಜಾಗದಲ್ಲಿ ತುಸು ನಿಲ್ಲುತ್ತೇನೆ.

ರಷ್ಯನ್ನರು ಬಂದ ಗಳಿಗೆಯಲ್ಲಿ ಲೆವಿ ಸತ್ತ ಜೊತೆಗಾರನ ಹೆಣ ಹೊರಗೆ ಸಾಗಿಸುತ್ತಿದ್ದರು. ಕುದುರೆ ಮೇಲಿದ್ದ ನಾಲ್ವರು ಸೈನಿಕರು ನಗಲಿಲ್ಲ, ಕೈಬೀಸಲಿಲ್ಲ. ಬೇರೆಯವರು ಮಾಡಿದ ಪಾಪಕ್ಕೆ ತಾವು ನಾಚಿದವರಂತೆ ನಿಂತಿದ್ದರು ಎಂಬುದು ಲೆವಿ ಕಂಡದ್ದು. ಏಪ್ರಿಲ್ 11ರಂದು ಬೂಖನ್‌ವಾಲ್ಡ್ ಬಿಡುಗಡೆಯಾದಾಗ ವೀಸೆಲ್‌ಗೆ ನೆನಪಾದದ್ದು ರೊಟ್ಟಿಯೊಂದೇ. ಹಂಗೇರಿಯ ಇಮ್ರೆ ಕೆರ್ತೇಸ್‌ರ ಕಾದಂಬರಿಯ ಹುಡುಗನಿಗಂತೂ, ಧ್ವನಿವರ್ಧಕದಲ್ಲಿ ಸ್ವಾತಂತ್ರ್ಯದ ಘೋಷಣೆ ಕೇಳುತ್ತಿರುವಾಗ, ಇವತ್ತಿನ ಸೂಪು ಏನಾಯಿತೆಂಬ ಚಿಂತೆ. ಕೆಲವು ವಿದ್ಯಾರ್ಥಿಗಳು ಇಲ್ಲಿ ನಗುತ್ತಾರೆ. ನಗಲಿ, ಹಸಿದವನ ಲೆಕ್ಕ ಅದೇ.

ಆಮೇಲಿನ ಸಾವುಗಳ ಮಾತೂ ಇದೆ. ಏಪ್ರಿಲ್ 15ರಂದು ಬ್ರಿಟಿಷರು ಹೊಕ್ಕ ಮತ್ತೊಂದು ಶಿಬಿರ ಬೆರ್ಗೆನ್-ಬೆಲ್ಸೆನ್‌ನಲ್ಲಿ ಸುಮಾರು 60,000 ಜನ ಜೀವಂತವಿದ್ದರು. ಬಿಡುಗಡೆಯ ನಂತರವೇ ಅವರಲ್ಲಿ 13,000ದಷ್ಟು ಮಂದಿ ಸತ್ತರು. ಟೈಫಸ್ ಒಂದು ಕಡೆ, ಒಣಗಿದ ಹೊಟ್ಟೆಗೆ ತಾಳದ ಕೊಬ್ಬಿನ ಊಟ ಇನ್ನೊಂದು ಕಡೆ. ಬಹುದಿನದ ಉಪವಾಸ ಬಿಡುವವರಿಗೆ ಗಂಜಿತಿಳಿ ಕೊಡುವ ನಮ್ಮ ಅಜ್ಜಿಯರಿಗೆ ಇದು ತಟ್ಟನೆ ಅರ್ಥವಾದೀತು.

ಯಾವುದನ್ನು ಮೊದಲು ಓದಬೇಕು ಎಂದು ಕೇಳುತ್ತೀರಿ. ಕನ್ನಡದಲ್ಲೇ ಶುರುಮಾಡಿ: ನೇಮಿಚಂದ್ರರ ‘ಯಾದ್ ವಶೇಮ್’. ಜರ್ಮನಿಯಿಂದ ಬೆಂಗಳೂರಿಗೆ ಬಂದು ಸೇರಿದ ಯಹೂದಿ ಹುಡುಗಿ ಮುಂದೆ ತನ್ನವರನ್ನು ಹುಡುಕಿ ಹೊರಡುವ ಕಾದಂಬರಿ. ಬೆಂಗಳೂರಿನ ಬೀದಿಗಳಿಂದ ಆ ಶಿಬಿರಗಳತ್ತ ಹೋಗುವುದು ನಿಮಗೆ ಸುಲಭ. ನಂತರ ವೀಸೆಲ್‌ರ ‘ನೈಟ್’, ಚಿಕ್ಕ ಪುಸ್ತಕ. ಲೆವಿಯವರನ್ನು ಅವಸರ ಮಾಡದೆ ಓದಿ. ಅವರ ಎರಡನೆಯ ಪುಸ್ತಕವಿಡೀ ಮನೆಗೆ ಮರಳುವ ದಾರಿಯದು. ಜನವರಿಯಲ್ಲಿ ಬಿಡುಗಡೆಯಾದವರು ಟ್ಯೂರಿನ್ ಸೇರಿದ್ದು ಅಕ್ಟೋಬರಿನಲ್ಲಿ. ಮನೆ ಇತ್ತು, ಮನೆಯವರೂ ಇದ್ದರು. ಗಡ್ಡ ಬಿಟ್ಟು, ಮುಖ ಊದಿ, ಚಿಂದಿಯುಟ್ಟು ಬಾಗಿಲಿಗೆ ಬಂದವನನ್ನು ಗುರುತು ಹಿಡಿಯಲು ಅವರು ಕಷ್ಟಪಡಬೇಕಾಯಿತು.