ಇಪ್ಪತ್ತು ರೂಪಾಯಿ ಟೇಪು, ಉಲ್ಟಾ ಸುತ್ತು

ಶನಿವಾರ ಬಂತೆಂದರೆ ಮಧುರೆಯಲ್ಲಿ ಶನಿಮಹಾತ್ಮನ ದರ್ಶನಕ್ಕೆ ಬಂದವರ ಗದ್ದಲ. ಎಳ್ಳುದೀಪ ಹಚ್ಚಿ, ಪ್ರಸಾದ ಮುಗಿಸಿ, ಹೊರಡುವ ಮುಂಚೆ ಹಾರ್ಡ್‌ವೇರ್ ಅಂಗಡಿಗೆ ಇಣುಕುವವರೂ ಇರುತ್ತಾರೆ. ‘ಒಂದು ನಲ್ಲಿ ಕೊಡಿ, ಹಳೇದು ಸೋರ್ತಿದೆ.’ ಎಷ್ಟೋ ಸಲ ಅವರಿಗೆ ಬೇಕಿರುವುದು ನಲ್ಲಿಯಲ್ಲ, ಹತ್ತಿಪ್ಪತ್ತು ರೂಪಾಯಿಯ ಬಿಳಿ ಟೆಫ್ಲಾನ್ ಟೇಪು.

ಮೊದಲು ಸೋರುವುದು ಎಲ್ಲಿ ಅಂತ ನೋಡಿ. ನಲ್ಲಿಯ ಬಾಯಿಂದ ಹನಿ ಬೀಳುತ್ತಿದ್ದರೆ ಟೇಪಿಗೆ ಅಲ್ಲಿ ಕೆಲಸವಿಲ್ಲ. ಹಳೇ ಹಿತ್ತಾಳೆ ನಲ್ಲಿಯಾದರೆ ಒಳಗಿನ ವಾಷರ್ ಸವೆದಿರುತ್ತದೆ, ಕಾಲು ಸುತ್ತಿಗೆ ತೆರೆಯುವ ಹೊಸ ನಲ್ಲಿಯಾದರೆ ಸ್ಪಿಂಡಲ್ ಹೋಗಿರುತ್ತದೆ. ಹಳೇ ತುಂಡನ್ನೇ ಅಂಗಡಿಗೆ ಒಯ್ದು ಅಂಥದ್ದೇ ತನ್ನಿ, ಅಳತೆಯನ್ನು ಬಾಯಲ್ಲಿ ಹೇಳಬೇಡಿ. ಗೋಡೆಗೆ ಸೇರುವ ಕಡೆ ನೀರು ಜಿನುಗುತ್ತಿದ್ದರೆ ಮಾತ್ರ ಟೇಪು. ಸೆಕೆಂಡಿಗೊಂದು ಸಣ್ಣ ಹನಿ ಅಂದರೂ ದಿನಕ್ಕೆ ನಾಲ್ಕು ಲೀಟರಿಗೆ ಕಡಿಮೆಯಿಲ್ಲ. ಸಾವಿರ ಅಡಿ ಕೊರೆದು ಮೇಲೆತ್ತಿದ ನೀರು ಅದು.

ಹಿಂದೆ ಇದೇ ಕೆಲಸಕ್ಕೆ ಸೆಣಬಿನ ನಾರು ಸುತ್ತಿ ಬಣ್ಣ ಬಳಿಯುತ್ತಿದ್ದರು. ಟೇಪು ಬಂದಮೇಲೆ ಸಲೀಸಾಯಿತು, ಜೊತೆಗೆ ತಪ್ಪುವುದೂ ಸಲೀಸಾಯಿತು. ಹತ್ತರಲ್ಲಿ ಎಂಟು ಮಂದಿ ಉಲ್ಟಾ ಸುತ್ತುತ್ತಾರೆ ಅಂತ ಬರೆಯಲು ಕೈ ತುರಿಸುತ್ತಿದೆ, ಎಣಿಸಿಲ್ಲವಾದ್ದರಿಂದ ಬಿಡುತ್ತೇನೆ.

ನಲ್ಲಿ ಬಿಚ್ಚಿ, ಮರೆಗಳಲ್ಲಿ, ಅಂದರೆ ಥ್ರೆಡ್ಡಿನಲ್ಲಿ ಅಂಟಿರುವ ಹಳೇ ಟೇಪನ್ನು ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಒದ್ದೆ ಒರೆಸಿ. ಈಗ ನಲ್ಲಿಯನ್ನು ಎಡಗೈಯಲ್ಲಿ ಹಿಡಿದು ಮರೆಯ ತುದಿಯನ್ನು ನಿಮ್ಮ ಮುಖದ ಕಡೆ ತಿರುಗಿಸಿ. ಆ ತುದಿಯನ್ನೇ ಗಡಿಯಾರ ಅಂದುಕೊಂಡು, ಮುಳ್ಳು ತಿರುಗುವ ದಿಕ್ಕಿನಲ್ಲೇ ಟೇಪು ಸುತ್ತಿ. ಹೀಗೆ ಸುತ್ತಿದರೆ ನಲ್ಲಿ ತಿರುಗಿಸಿದಷ್ಟೂ ಟೇಪು ಬಿಗಿಯುತ್ತದೆ. ಉಲ್ಟಾ ಸುತ್ತಿದರೆ ತಿರುಗಿಸಿದಷ್ಟೂ ಬಿಚ್ಚಿಕೊಂಡು, ಗೋಡೆಯ ಬಾಯಿ ಹತ್ತಿರ ಶಾವಿಗೆ ಉಂಡೆಯ ಹಾಗೆ ಗುಡ್ಡೆಯಾಗಿ ನಿಲ್ಲುತ್ತದೆ. ಆ ಬಿಳಿ ಗುಡ್ಡೆ ಕಂಡರೆ ಮತ್ತೆ ಬಿಚ್ಚಲೇಬೇಕು. ಅದರ ಮೇಲೇ ಎಂ-ಸೀಲ್ ಮೆತ್ತುವವರನ್ನೂ ನೋಡಿದ್ದೇನೆ.

ತುದಿಯ ಮೊದಲ ಮರೆ ಖಾಲಿ ಇರಲಿ, ಇಲ್ಲದಿದ್ದರೆ ಟೇಪಿನ ಚೂರು ನೀರಿನೊಂದಿಗೆ ಹೋಗಿ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಅಗ್ಗದ ತೆಳು ಟೇಪಾದರೆ ಹತ್ತು–ಹದಿನೈದು ಸುತ್ತು, ಮರೆಯ ಗುರುತು ಟೇಪಿನ ಮೇಲೆ ಮೂಡುವಷ್ಟು ಎಳೆದು ಸುತ್ತಿ. ಕೂರಿಸುವಾಗ ಬಾಯಿ ಕೆಳಗೆ ಬರಬೇಕಾದ ಜಾಗ ದಾಟಿತು ಅಂತ ಕಾಲು ಸುತ್ತು ಹಿಂದಕ್ಕೆ ತಿರುಗಿಸಬೇಡಿ, ಅಲ್ಲಿಗೆ ಬಿಗಿ ಹೋಯಿತು. ಬಿಚ್ಚಿ, ಹೊಸದಾಗಿ ಸುತ್ತಿ. ಗೋಡೆಯೊಳಗೆ ಪ್ಲಾಸ್ಟಿಕ್ ಎಲ್ಬೋ ಇದ್ದರೆ ಪಾನಾ ಹಿಡಿದು ಶಕ್ತಿ ತೋರಿಸಲೂ ಹೋಗಬೇಡಿ. ನಮ್ಮನೆ ಬಚ್ಚಲಲ್ಲಿ ನಾನೇ ತೋರಿಸಿದ್ದೆ. ಎಲ್ಬೋ ಸೀಳಿತು, ಅದನ್ನು ತೆಗೆಯಲು ಎರಡು ಟೈಲ್ಸ್ ಒಡೆಸಬೇಕಾಯಿತು. ಹೊಸ ಟೈಲ್ಸಿನ ಬಣ್ಣ ಇವತ್ತಿಗೂ ಹೊಂದಿಲ್ಲ.

ಟೇಪಿನ ಜೊತೆ ಮನೆಯಲ್ಲಿರಬೇಕಾದ ಎರಡನೆಯ ವಸ್ತು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ. ನಮ್ಮ ಕಡೆಯ ಬೋರ್‌ವೆಲ್ ಗಡಸು ನೀರು ಕೆಟಲ್, ಶವರ್, ನಲ್ಲಿ ಎಲ್ಲದರ ಮೇಲೂ ಸುಣ್ಣದ ಪದರ ಕಟ್ಟುತ್ತದೆ. ಕೆಟಲ್‌ನಲ್ಲಿ ಒಂದು ಲೀಟರ್ ನೀರು ಕುದಿಸಿ, ಸ್ವಿಚ್ ಆರಿಸಿ, ಒಂದೆರಡು ನಿಮಿಷ ಬಿಟ್ಟು ಎರಡು ಚಮಚ ಪುಡಿಯನ್ನು ಸ್ವಲ್ಪಸ್ವಲ್ಪವೇ ಹಾಕಿ. ಕುದಿಯುವಾಗಲೇ ಸುರಿದರೆ ಹಾಲಿನ ಹಾಗೆ ಉಕ್ಕುತ್ತದೆ. ಅರ್ಧ ಗಂಟೆಯಲ್ಲಿ ಪದರ ಗುಳ್ಳೆಯೆದ್ದು ಕರಗುತ್ತದೆ. ಆಮೇಲೆ ಎರಡು ಸಲ ಬರಿ ನೀರು ಕುದಿಸಿ ಚೆಲ್ಲಿ. ಶವರಿಗಾದರೆ ಇದೇ ನಿಂಬೆ ಉಪ್ಪಿನ ನೀರನ್ನು ಆರಿಸಿ, ಪ್ಲಾಸ್ಟಿಕ್ ಕವರಿಗೆ ತುಂಬಿ, ಶವರಿನ ಮುಖ ಮುಳುಗುವಂತೆ ರಬ್ಬರ್ ಬ್ಯಾಂಡ್ ಬಿಗಿದು ಬಿಡಿ. ಅಡುಗೆಕಟ್ಟೆ ಕಡಪಾ ಕಲ್ಲಿನದಾದರೆ ಹುಷಾರು. ಅದೂ ಸುಣ್ಣದ ಜಾತಿಯ ಕಲ್ಲೇ, ಹನಿ ಬಿದ್ದ ಕಡೆ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಯಾವ ಆಸಿಡ್ಡನ್ನೂ ಬೆರೆಸಬೇಡಿ. ಏಳುವ ಕ್ಲೋರಿನ್ ಅನಿಲ ಎದೆಗೆ ಹತ್ತುತ್ತದೆ.

ಜಾಗ ಮುಗಿಯಿತು, ಟಿಡಿಎಸ್ ಮೀಟರಿನ ಬಗ್ಗೆ ಎರಡೇ ಮಾತು. ಇನ್ನೂರು–ಮುನ್ನೂರು ರೂಪಾಯಿಯ ಈ ಕಡ್ಡಿ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಹೇಳುತ್ತದೆ, ಅಷ್ಟೆ. ಆರ್‌ಒ ಯಂತ್ರದ ಒಳಬರುವ ನೀರು, ಹೊರಬರುವ ನೀರು ಎರಡನ್ನೂ ಅಳೆದು ಬರೆದಿಟ್ಟರೆ ಪೊರೆ ಯಾವಾಗ ಸೋತಿತು ಅಂತ ಗೊತ್ತಾಗುತ್ತದೆ. ‘300 ತೋರಿಸ್ತು, ನೀರು ಶುದ್ಧ’ ಅನ್ನಬೇಡಿ. ಭಾರತೀಯ ಮಾನಕದ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ಆದೀತು. ಫ್ಲೋರೈಡ್ ಮಾತ್ರ ಒಂದೂವರೆ ಮಿಲಿಗ್ರಾಂ ದಾಟುವ ಹಾಗಿಲ್ಲ, ಅಷ್ಟು ಸಣ್ಣ ಲೆಕ್ಕ ಈ ಮೀಟರಿಗೆ ಕಾಣುವುದೂ ಇಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅದಕ್ಕೆ ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯೇ ಅಂತ ಕೇಳಿ. ಮೀಟರಿನ ತುದಿಯನ್ನು ಒರೆಸಿ ಮುಚ್ಚಳ ಹಾಕಿಡಿ, ಅದಕ್ಕೂ ಸುಣ್ಣ ಕಟ್ಟುತ್ತದೆ.