ಅಸಲಿ ಚಪ್ಪಲಿ, ನಕಲಿ ಚಪ್ಪಲಿ



ಒಂದು ಸಂಜೆ ವಡಗಾವಿಯ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದರು. ಕೊಲ್ಹಾಪುರಿ ಚಪ್ಪಲಿ. ಮಗಳ ಸಲುವಾಗಿ ತಂದದ್ದು. ಕಂಡಿಕೆ ಸುತ್ತಿ ಕೂಡಿಸಿದ ರೊಕ್ಕದಲ್ಲಿ 800 ರೂಪಾಯಿ ಕೊಟ್ಟಿದ್ದರು. ಒಂದು ಮಳೆ ಬಂತು. ಅಟ್ಟೆ ಬಾಯಿ ಬಿಟ್ಟಿತು. ಒಳಗೆ ಚರ್ಮ ಇರಲಿಲ್ಲ. ನೆನೆದ ರಟ್ಟು ಇತ್ತು.

"ಅಕ್ಕೋರ, ಅಂಗಡಿಯಾಂವ ಪಕ್ಕಾ ಚರ್ಮದ್ದು ಅಂದಾ. ನಾ ನಂಬಿದೆ. ನಾ ಏನು ನೋಡಬೇಕಿತ್ತು?" ಎಂದು ಕೇಳಿದರು.

ಆ ದಿನ ಪುಸ್ತಕ ಮುಚ್ಚಿಟ್ಟೆವು. ಆ ಚಪ್ಪಲಿಯನ್ನೇ ನಡುವೆ ಇಟ್ಟು ಕುಳಿತೆವು. ಇನ್ನೊಬ್ಬರು ಮನೆಗೆ ಹೋಗಿ ತಮ್ಮ ಹಳೆಯ ಅಥಣಿ ಚಪ್ಪಲಿ ತಂದರು. ಎರಡನ್ನೂ ಹೋಲಿಸಿದೆವು. ಅಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಹೆಸರು ಕೊಲ್ಹಾಪುರದ್ದು, ಕೆಲಸ ನಮ್ಮದೂ ಹೌದು

ಈ ಚಪ್ಪಲಿ ಕೊಲ್ಹಾಪುರದ ಪೇಟೆಯಲ್ಲಿ ಹೆಸರಾಯಿತು. ಆದರೆ ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯಲ್ಲೂ ಇದನ್ನು ಮಾಡುತ್ತಾರೆ. 2019ರಲ್ಲಿ ಈ ಚಪ್ಪಲಿಗೆ 'ಭೌಗೋಳಿಕ ಗುರುತು' ಸಿಕ್ಕಿತು. ಹಾಗೆಂದರೆ ಏನು? ಗೊತ್ತುಮಾಡಿದ ಊರುಗಳಲ್ಲಿ, ಗೊತ್ತುಮಾಡಿದ ಪದ್ಧತಿಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ನಮ್ಮ ರಾಜ್ಯದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಇದರಲ್ಲಿ ಇವೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳೂ ಇವೆ.

2025ರ ಜೂನ್ ತಿಂಗಳಲ್ಲಿ ಇಟಲಿ ದೇಶದ ಪ್ರಾಡಾ ಎಂಬ ಕಂಪನಿ ಇಂಥವೇ ಚಪ್ಪಲಿಗಳನ್ನು ಮಿಲಾನ್ ನಗರದಲ್ಲಿ ಪ್ರದರ್ಶನಕ್ಕೆ ಇಟ್ಟಿತು. ಮೊದಲು ನಮ್ಮ ಕಡೆಯ ಹೆಸರು ಹೇಳಲಿಲ್ಲ. ಜನ ಕೇಳಿದ ಮೇಲೆ, ಇದು ಭಾರತದ ಕೈಕೆಲಸ ನೋಡಿ ಮಾಡಿದ್ದು ಎಂದು ಒಪ್ಪಿಕೊಂಡಿತು.

ಹೇಗೆ ಮಾಡುತ್ತಾರೆ?

ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಅಟ್ಟೆ ಕತ್ತರಿಸುವುದು ಹೆಚ್ಚಾಗಿ ಗಂಡಸರ ಕೆಲಸ. ಮೇಲಿನ ಪಟ್ಟಿ ಹೆಣೆಯುವುದು, ಅಂದ ಮಾಡುವುದು ಹೆಚ್ಚಾಗಿ ಹೆಂಗಸರ ಕೆಲಸ. ಬಸವಣ್ಣನವರ ಕಾಲದ ಶರಣ ಹರಳಯ್ಯನವರ ಕಥೆ ನಮಗೆಲ್ಲ ಗೊತ್ತು. ಆ ಕಥೆಯಲ್ಲೂ ಅವರ ಹೆಂಡತಿ ಕಲ್ಯಾಣಮ್ಮನವರ ಪಾಲು ಇದೆ. ಚಪ್ಪಲಿ ಗಂಡ-ಹೆಂಡತಿ ಇಬ್ಬರ ದುಡಿಮೆ.

ಐದು ಗುರುತು

1. ಮೂಸಿ ನೋಡಿರಿ. ಚರ್ಮಕ್ಕೆ ತೊಗಲಿನ ವಾಸನೆ ಇರುತ್ತದೆ. ರೆಕ್ಸಿನ್‌ಗೆ ಪ್ಲಾಸ್ಟಿಕ್ಕಿನ ವಾಸನೆ.

2. ಪಟ್ಟಿಯ ಕತ್ತರಿಸಿದ ಅಂಚು ನೋಡಿರಿ. ಚರ್ಮದ ಅಂಚಿನಲ್ಲಿ ಸಣ್ಣ ಎಳೆಗಳು ಒಂದರೊಳಗೊಂದು ಸೇರಿರುತ್ತವೆ. ರೆಕ್ಸಿನ್ ಅಡಿಯಲ್ಲಿ ಸಾಮಾನ್ಯವಾಗಿ ಬಟ್ಟೆ ಇರುತ್ತದೆ. ಹಾಸು, ಹೊಕ್ಕು ಗುರುತಿಸುವುದನ್ನು ವಡಗಾವಿಯ ಹೆಂಗಸರಿಗೆ ಯಾರಾದರೂ ಹೇಳಿಕೊಡಬೇಕೇ?

3. ಬಗ್ಗಿಸಿ ನೋಡಿರಿ. ಚರ್ಮದ ಮೇಲೆ ಸಣ್ಣ ಸಣ್ಣ ಸುಕ್ಕು ಬೀಳುತ್ತದೆ. ಅಟ್ಟೆಯ ಪದರಗಳ ನಡುವೆ ರಟ್ಟು ಇದೆಯೇ ಎಂದು ಅಂಚಿನಿಂದ ನೋಡಿರಿ.

4. ಹೊಲಿಗೆ ನೋಡಿರಿ. ಹಳೆಯ ಪದ್ಧತಿಯ ಚಪ್ಪಲಿಯನ್ನು ಚರ್ಮದ ದಾರದಲ್ಲೇ ಹೊಲಿಯುತ್ತಾರೆ. ಮೊಳೆ ಹೊಡೆಯುವುದಿಲ್ಲ.

5. ಎಡ-ಬಲ ಎರಡನ್ನೂ ಹೋಲಿಸಿರಿ. ಕೈಯಿಂದ ಹೆಣೆದದ್ದು ಕೂದಲೆಳೆಯಷ್ಟು ಹೆಚ್ಚು-ಕಡಿಮೆ ಇದ್ದೇ ಇರುತ್ತದೆ. ಅದು ದೋಷ ಅಲ್ಲ, ಕೈಯ ಗುರುತು.

ಒಂದೇ ಗುರುತು ನಂಬಬೇಡಿರಿ. ಐದನ್ನೂ ನೋಡಿರಿ. ಚೀಟಿ ಇದ್ದರೆ ಓದಿರಿ. ಆದರೆ ಚೀಟಿ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅದಕ್ಕೇ ಕಣ್ಣೂ ಬೇಕು, ಕೈಯೂ ಬೇಕು. ಇನ್ನೊಂದು ಮಾತು: ಅಸಲಿ ಚರ್ಮವೂ ಮಳೆಯಲ್ಲಿ ನೆನೆದರೆ ಕೆಡುತ್ತದೆ. ಮಳೆಗಾಲದಲ್ಲಿ ಅದನ್ನು ಎತ್ತಿಡಿರಿ.

ರೆಕ್ಸಿನ್ ಕೊಳ್ಳುವುದು ತಪ್ಪೇ?

ತಪ್ಪಲ್ಲ. ರೊಕ್ಕ ಕಡಿಮೆ ಇದ್ದಾಗ ರೆಕ್ಸಿನ್ ಚಪ್ಪಲಿಯೂ ಕಾಲು ಕಾಯುತ್ತದೆ. ರೆಕ್ಸಿನ್ ಕೊಟ್ಟು ಚರ್ಮದ ರೊಕ್ಕ ಇಸಕೊಳ್ಳುವುದು ತಪ್ಪು. ಅದರಿಂದ ಇಬ್ಬರಿಗೆ ನಷ್ಟ. ಒಬ್ಬಳು ಕೊಂಡವಳು. ಇನ್ನೊಬ್ಬಳು ಅಥಣಿಯಲ್ಲಿ ಕುಳಿತು ಪಟ್ಟಿ ಹೆಣೆದವಳು.

ಇದು ನಮಗೆ ಬೇಗ ತಿಳಿಯುತ್ತದೆ. ಯಂತ್ರದ ಮಗ್ಗದ ಸೀರೆಗೆ ಕೈಮಗ್ಗದ್ದೆಂದು ಹೆಸರು ಹಚ್ಚಿ ಮಾರಿದರೆ ಕೈಮಗ್ಗದವರ ಹೊಟ್ಟೆ ಉರಿಯುವುದಿಲ್ಲವೇ? ಹಾಗೆಯೇ ಇದು.

ಮಕ್ಕಳ ಬೂಟಿಗೂ ಇದೇ ಲೆಕ್ಕ

ಶಾಲೆಯ ಓಟಕ್ಕೆ ಮಕ್ಕಳು ಕಂಪನಿ ಬೂಟು ಕೇಳುತ್ತಾರೆ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಅಳತೆ, ಬೆಲೆ ಇರಬೇಕು. ಡಬ್ಬಿಯ ಮೇಲಿನ ಹೆಸರನ್ನೂ ಬೂಟಿನ ಮೇಲಿನ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿರಿ. ಇಂಗ್ಲಿಷ್ ಬಾರದಿದ್ದರೂ ಚಿತ್ರದಂತೆ ಹೋಲಿಸಬಹುದು. ಒಂದು ಅಕ್ಷರ ಬೇರೆ ಇದ್ದರೂ ಸಂಶಯ ಪಡಿರಿ.

ಬಿಲ್ ಕೇಳಿರಿ

ಅಕ್ಕನ ಬಳಿ ಬಿಲ್ ಇರಲಿಲ್ಲ. "ಇದು ನಮ್ಮ ಅಂಗಡೀದು ಅಲ್ಲ" ಎಂದು ಅಂಗಡಿಯವನು ಕೈ ತೊಳೆದುಕೊಂಡ.

ಬಿಲ್ಲಿನಲ್ಲಿ ಅಂಗಡಿಯ ಹೆಸರು, ತಾರೀಖು, ವಸ್ತುವಿನ ಹೆಸರು, ಬೆಲೆ ಇರಲಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ದೂರನ್ನು 2 ವರ್ಷದ ಒಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ.

ಮುಂದೆ ಏನಾಯಿತು?

ದೀಪಾವಳಿಗೆ ಅಕ್ಕ ಮತ್ತೆ ಚಪ್ಪಲಿ ಕೊಳ್ಳಲು ಹೋದರು. ಬೇರೆ ಅಂಗಡಿ. ಅಲ್ಲಿಯೂ "ಪಕ್ಕಾ ಚರ್ಮ" ಎಂದರು. ಅಕ್ಕ ಬಿಲ್ ಕೇಳಿದರು. ಅಂಗಡಿಯವನು ಬರೆದುಕೊಟ್ಟ. ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಬರೀ 'ಚಪ್ಪಲಿ' ಎಂದಿತ್ತು.

"ಚರ್ಮದ ಚಪ್ಪಲಿ ಅಂತ ಬರೀರಿ" ಎಂದರು.

ಅವನು ಬರೆಯಲಿಲ್ಲ. ಅಕ್ಕ ಕೊಳ್ಳಲಿಲ್ಲ.

ಮಾಡಿ ನೋಡೋಣ

1. ನಿಮ್ಮ ಮನೆಯ ಒಂದು ಜೋಡಿ ಚಪ್ಪಲಿ ತನ್ನಿರಿ. ಐದು ಗುರುತು ನೋಡಿರಿ.
2. ಈ ಮಾತುಗಳನ್ನು ಓದಿ ಬರೆಯಿರಿ: ಚರ್ಮ, ರಟ್ಟು, ಅಂಚು, ಹೊಲಿಗೆ, ಬೆಲೆ, ತಾರೀಖು.
3. 'ಚರ್ಮದ ಚಪ್ಪಲಿ, ಒಂದು ಜೋಡಿ' ಎಂದು ಒಂದು ಬಿಲ್ ಬರೆಯಿರಿ. ಪಕ್ಕದವರಿಗೆ ಕೊಟ್ಟು ಓದಿಸಿರಿ.